ಗಿರಣಿ ಜಾಗದಲ್ಲಿ ಉದ್ಯಾನವಂತೆ: ಬಾಯ್ಲರ್ ಎಲ್ಲಿತ್ತು ಅಂತ ಮೊದಲು ಕೇಳಿ

ಪ್ರಶ್ನೆ: ನಾನು ಸೊಲ್ಲಾಪುರದವಳು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ನಮ್ಮ ಓಣಿಯ ಹಿಂದೆ ಒಂದು ಹಳೇ ಬಟ್ಟೆ ಗಿರಣಿ ಇದೆ. ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಮಾವನವರು ಅಲ್ಲೇ ದುಡಿದವರು. ಈಗ ಆ ಜಾಗದಲ್ಲಿ ‘ಹಸಿರು ಬಡಾವಣೆ’ ಬರುತ್ತದಂತೆ. ಬಿಲ್ಡರ್ ಕಡೆಯವರು ಮನೆಮನೆಗೆ ಬಣ್ಣದ ಪುಸ್ತಿಕೆ ಹಂಚಿದ್ದಾರೆ. ಅದರಲ್ಲಿ ಹುಲ್ಲುಹಾಸು, ಕಾರಂಜಿ, ಜಾಗಿಂಗ್ ಟ್ರ್ಯಾಕ್ ಎಲ್ಲ ಇದೆ. ನಮ್ಮ ಓಣಿಯಲ್ಲಿ ಬಾಡಿಗೆಗೆ ಇರುವವರು, ಬೀಡಿ ಕಟ್ಟುವವರು, ಮನೆಯಲ್ಲೇ ಪವರ್‌ಲೂಮ್ ಇಟ್ಟುಕೊಂಡವರು ಜಾಸ್ತಿ. ಅರ್ಧ ಜನಕ್ಕೆ ಖುಷಿ, ಅರ್ಧ ಜನಕ್ಕೆ ಭಯ. ಇದು ಒಳ್ಳೆಯದಾ? ನಾವು ಏನೇನು ಕೇಳಬೇಕು? ಇನ್ನೊಂದು ಸಣ್ಣ ಮಾತು. ಎರಡು ವರ್ಷದ ಹಿಂದೆ ಗಿರಣಿ ಗೋಡೆ ಬಿದ್ದಾಗ ಒಳಗಿನ ಕರಿ ಮಣ್ಣು ಪುಕ್ಕಟೆ ಸಿಕ್ಕಿತು ಅಂತ ತಂದು ಹಿತ್ತಲಿಗೆ ಹಾಕಿಕೊಂಡೆವು. ಮೆಂತ್ಯ, ರಾಜಗಿರಿ, ಮೂಲಂಗಿ ಚೆನ್ನಾಗಿ ಬರುತ್ತಿವೆ.

ಉತ್ತರ: ಅಕ್ಕೋರೆ, ನೀವು ಸಣ್ಣ ಮಾತು ಅಂತ ಕೊನೆಗೆ ಬರೆದದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆ ಮೆಂತ್ಯ, ರಾಜಗಿರಿ, ಮೂಲಂಗಿ ಸದ್ಯಕ್ಕೆ ತಿನ್ನಬೇಡಿ. ಗಾಬರಿ ಬೀಳುವುದೂ ಬೇಡ. ಮಣ್ಣನ್ನು ಪರೀಕ್ಷೆ ಮಾಡಿಸುವವರೆಗೆ ನಿಲ್ಲಿಸಿ, ಅಷ್ಟೇ.

ಯಾಕೆ ಅಂದರೆ, ಸೊಲ್ಲಾಪುರದಲ್ಲಿ ಕರಿ ಮಣ್ಣು ಅಂದ ಕೂಡಲೇ ನಮಗೆ ಎರೆಮಣ್ಣು ನೆನಪಾಗುತ್ತದೆ. ಜೋಳ ಬೆಳೆಯುವ ಬಂಗಾರದಂಥ ಮಣ್ಣು. ಆದರೆ ಗಿರಣಿಯ ಕಾಂಪೌಂಡಿನೊಳಗೆ ಕರ್ರಗೆ ಕಾಣುವುದೆಲ್ಲ ಎರೆಮಣ್ಣಲ್ಲ. ಎಷ್ಟೋ ಕಡೆ ಅದು ಬಾಯ್ಲರಿನ ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ನೂರು ಕಿಲೋ ಸುಟ್ಟರೆ ಮೂವತ್ತು, ನಲವತ್ತು ಕಿಲೋ ಬೂದಿಯೇ ಉಳಿಯುತ್ತದೆ. ಎಪ್ಪತ್ತು ಎಂಬತ್ತು ವರ್ಷ ಹಗಲೂ ರಾತ್ರಿ ಉರಿದ ಬಾಯ್ಲರಿನ ಬೂದಿಯನ್ನು ಯಾರು ಎಲ್ಲಿಗೆ ಹೊತ್ತರು? ದೂರ ಹೊತ್ತವರು ಕಡಿಮೆ. ಹಿಂದಿನ ಗೋಡೆಯ ಹತ್ತಿರ ತಗ್ಗು ಇದ್ದಲ್ಲಿ ಸುರಿದರು, ಮೇಲೆ ಹುಲ್ಲು ಬೆಳೆಯಿತು, ಮರೆತರು. ಆ ಬೂದಿಯಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ ಸ್ವಲ್ಪ ಸ್ವಲ್ಪ ಇರುತ್ತವೆ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಒಂದು ಮುಷ್ಟಿ ಮಣ್ಣಿಗೆ ನೀರು ಹಾಕಿ ನಾದಿ ನೋಡಿ. ಎರೆಮಣ್ಣಾದರೆ ರೊಟ್ಟಿ ಹಿಟ್ಟಿನ ಹಾಗೆ ಕೂಡಿಕೊಂಡು ಕೈಗೆ ಮೆತ್ತುತ್ತದೆ, ಉಂಡೆ ಮಾಡಿದರೆ ನಿಲ್ಲುತ್ತದೆ. ಬೂದಿಯಾದರೆ ಹಗುರ, ಉದುರುತ್ತದೆ, ನಡುವೆ ತೂತು ತೂತಾದ ಕರಿ ಹಳುಕು ಸಿಗುತ್ತದೆ. ಇದು ಅಂದಾಜು ಮಾತ್ರ. ಉಂಡೆ ಕಟ್ಟಿದ ಮಾತ್ರಕ್ಕೆ ಮಣ್ಣು ಚೊಕ್ಕ ಅಂತಲ್ಲ, ಬಣ್ಣದ ನೀರು ಕುಡಿದ ಎರೆಮಣ್ಣೂ ಉಂಡೆ ಕಟ್ಟುತ್ತದೆ. ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಿ. ಹಿತ್ತಲಿನ ಐದಾರು ಕಡೆಯಿಂದ ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ಒಂದು ಕಿಲೋ ಕಳಿಸಿದರೆ ಸಾಕು. ‘ಭಾರ ಲೋಹಗಳ ಪರೀಕ್ಷೆ’ ಅಂತ ಕೇಳಿ. ಸಾರಜನಕ, ರಂಜಕ ನೋಡುವ ರೈತರ ಮಣ್ಣು ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ.

ವರದಿ ಬಂದಾಗ ಸೀಸದ ಸಾಲು ನೋಡಿ. ಅಮೆರಿಕದಲ್ಲಿ ಮನೆಯ ಹಿತ್ತಲಿಗೆ ಎಚ್ಚರಿಕೆಯ ಮಟ್ಟ ಅಂತ ಕಿಲೋಗೆ 400 ಮಿಲಿಗ್ರಾಂ ಇಟ್ಟುಕೊಂಡಿದ್ದರು, 2024ರ ಜನವರಿಯಲ್ಲಿ ಅದನ್ನು 200ಕ್ಕೆ ಇಳಿಸಿದರು. ಹೋಲಿಸಿ ನೋಡಲು ಅದು ಸಾಕು. ಸೊಪ್ಪಿಗೆ ಮಣ್ಣಿನ ಧೂಳು ಅಂಟುತ್ತದೆ, ಗೆಡ್ಡೆ ಮಣ್ಣಿನೊಳಗೇ ಬೆಳೆಯುತ್ತದೆ, ಹಾಗಾಗಿ ಅವೆರಡಕ್ಕೂ ಅಪಾಯ ಜಾಸ್ತಿ. ಬದನೆ, ಟೊಮೆಟೊದಂಥ ಕಾಯಿಗೆ ಕಡಿಮೆ. ಅದಕ್ಕಿಂತ ದೊಡ್ಡ ಚಿಂತೆ ಮಕ್ಕಳದು. ಅಂಗಳದಲ್ಲಿ ಆಡಿ ಅದೇ ಕೈ ಬಾಯಿಗೆ ಹಾಕುತ್ತವಲ್ಲ, ಸೀಸ ಹೊಟ್ಟೆ ಸೇರುವ ದಾರಿ ಹೆಚ್ಚಾಗಿ ಅದೇ. ಆ ಮಣ್ಣನ್ನು ಕೆರೆದು ಪಕ್ಕದ ಖಾಲಿ ಸೈಟಿಗೆ ಮಾತ್ರ ಸುರಿಯಬೇಡಿ. ಸದ್ಯಕ್ಕೆ ಮೇಲೊಂದು ತಾಡಪತ್ರಿ ಹೊದಿಸಿ. ಕುಂಡದಲ್ಲಿ ಬೇರೆ ಮಣ್ಣು ಹಾಕಿ ಮೆಂತ್ಯ ಬಿತ್ತಿ, ಮೂರು ವಾರಕ್ಕೆ ಬರುತ್ತದೆ.

ಈಗ ದೊಡ್ಡ ಪ್ರಶ್ನೆ. ನೀವು ಕೇಳುವುದೂ ನಾನು ಹೇಳುವುದೂ ಒಂದೇ ಎಳೆ. ನಿಮ್ಮ ಹಿತ್ತಲಿಗೆ ಬಂದದ್ದು ಒಂದು ಕೈಗಾಡಿ ಮಣ್ಣು. ಬಿಲ್ಡರ್ ಅದೇ ಮಣ್ಣಿನ ಇಡೀ ಬಯಲಿನ ಮೇಲೆ ಹುಲ್ಲು ಹಾಸಲು ಹೊರಟಿದ್ದಾರೆ.

ಮುಚ್ಚಿದ ಕಾರ್ಖಾನೆಗಳ ಮಣ್ಣು, ನೆಲದ ನೀರು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಅಕ್ಕಲಕೋಟ ಕಡೆಯವನು, ಅಜ್ಜ ಗಿರಣಿಯಲ್ಲಿ ‘ಬದಲಿ’ ಕಾರ್ಮಿಕನಾಗಿ ಶುರು ಮಾಡಿದವರು. ಸೊಲ್ಲಾಪುರದಲ್ಲಿ 1877ರ ಜೂನಿ ಮಿಲ್ಲಿನಿಂದ ಶುರುವಾಗಿ ಒಂದರ ಹಿಂದೆ ಒಂದು ಗಿರಣಿ ಬಂದವು. ನಿಮ್ಮ ಮಾವನವರ ವಯಸ್ಸಿನವರಿಗೆ ಇಂದಿಗೂ ಹೊತ್ತು ಅಂದರೆ ಗಡಿಯಾರವಲ್ಲ, ಭೋಂಗಾ, ಅಂದರೆ ಗಿರಣಿಯ ಸೈರನ್. 1930ರಲ್ಲಿ ಈ ಊರಿನ ಮೇಲೆ ಮಾರ್ಷಲ್ ಲಾ ಹೇರಿದಾಗ ಬೀದಿಗೆ ಇಳಿದವರಲ್ಲಿ ಗಿರಣಿಯ ಜನವೇ ಬಹಳ. ಹಾಗಾಗಿ ಈ ಜಾಗಗಳ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಮಮತೆ ನುಸುಳುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಓದಿ.

ಬಟ್ಟೆ ಗಿರಣಿ ಅಂದರೆ ನೂಲು, ಹತ್ತಿ, ಅದರಲ್ಲಿ ಎಂಥ ವಿಷ ಅಂತ ಅನ್ನಿಸಬಹುದು. ನೂಲುವ ಖಾತೆ, ನೇಯುವ ಖಾತೆ (ಗಿರಣಿಯಲ್ಲಿ ಖಾತೆ ಅಂದರೆ ವಿಭಾಗ), ಇವುಗಳ ನೆಲ ಸಾಮಾನ್ಯವಾಗಿ ಚೊಕ್ಕವೇ ಇರುತ್ತದೆ, ಯಂತ್ರದ ಎಣ್ಣೆ ಸುರಿದದ್ದು ಬಿಟ್ಟರೆ. ತೊಂದರೆ ಇರುವುದು ಮೂಲೆಗಳಲ್ಲಿ. ಬಾಯ್ಲರ್ ಮನೆ ಮತ್ತು ಅದರ ಹಿಂದಿನ ಬೂದಿ ಗುಡ್ಡೆ. ಉರಿಯೆಣ್ಣೆಯ ಟಾಕಿ. ಟ್ರಾನ್ಸ್‌ಫಾರ್ಮರ್ ಕಟ್ಟೆ: ಹಳೇ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್, ಕೆಪಾಸಿಟರುಗಳ ಎಣ್ಣೆಯಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಇರುತ್ತಿತ್ತು. ಅದು ಮಣ್ಣಿನಲ್ಲಿ ದಶಕಗಟ್ಟಲೆ ಕರಗದೆ ಕೂರುತ್ತದೆ. ಅಂಥ ಉಪಕರಣಗಳನ್ನು 2025ರ ಕೊನೆಯೊಳಗೆ ಪೂರ್ತಿ ನಿಲ್ಲಿಸಬೇಕು ಅಂತ ನಮ್ಮ ದೇಶದಲ್ಲೂ ಆದೇಶವಾಗಿತ್ತು. ಆಮೇಲೆ ಹಬೆ ಪೈಪಿಗೆ ಸುತ್ತಿದ ಕಲ್ನಾರು (ಆಸ್ಬೆಸ್ಟಾಸ್), ಚಾವಣಿಯ ಕಲ್ನಾರು ಶೀಟು. ಎಲ್ಲಕ್ಕಿಂತ ಕೆಟ್ಟದ್ದು ಬಣ್ಣದ ಖಾತೆ.

ಒಂದು ಬಣ್ಣದ ಖಾತೆಯ ನೆಲ ಅಗೆದದ್ದು ನನಗೆ ಚೆನ್ನಾಗಿ ನೆನಪಿದೆ, ಯಾವ ಊರು ಅಂತ ಬೇಡ. ಮೇಲೆ ಅರ್ಧ ಅಡಿ ಮುರುಮು, ಅಂದರೆ ಗರಸು ಮಣ್ಣು. ಕೆಳಗೆ ಇಟ್ಟಿಗೆ ಚೂರು. ಎರಡೂವರೆ ಅಡಿಗೆ ಹಾರೆ ಮೆತ್ತಗೆ ಇಳಿಯಿತು, ಎತ್ತಿದರೆ ಹಾರೆಯ ತುದಿಗೆ ಕಡು ನೀಲಿ ಜೇಡಿ. ಒಡೆದರೆ ಒಳಗೂ ನೀಲಿ, ಸೀಮೆಎಣ್ಣೆಯಂಥ ವಾಸನೆ. ನನ್ನ ಸಹಾಯಕ ಹುಡುಗ ಕೈಗವಸು ಬಿಚ್ಚಿ ಮುಟ್ಟಿಬಿಟ್ಟ, ಎರಡು ದಿನ ಅವನ ಉಗುರಿನ ಸಂದಿಯಲ್ಲಿ ನೀಲಿ ಹೋಗಲಿಲ್ಲ. ಆದರೆ ವರದಿ ಬಂದಾಗ ಆ ನೀಲಿಯಲ್ಲಿ ದೊಡ್ಡ ಅಪಾಯ ಇರಲಿಲ್ಲ. ಅದರ ಪಕ್ಕದಲ್ಲಿ, ನೋಡಲು ಮಾಮೂಲಿ ಹಳದಿ ಮುರುಮಿನ ಹಾಗಿದ್ದ ಮಣ್ಣಿನಲ್ಲಿ ಕ್ರೋಮಿಯಂ ಇತ್ತು. ಬಣ್ಣ ಹಿಡಿಸಲು ಬೈಕ್ರೋಮೇಟ್ ಅನ್ನುವ ಕ್ರೋಮಿಯಂ ಉಪ್ಪು ಬಳಸುತ್ತಿದ್ದರಲ್ಲ, ಅದು. ಕಣ್ಣಿಗೆ ಕಾಣುವುದನ್ನು ನಂಬಿ ಈ ಕೆಲಸ ಮಾಡಲಾಗುವುದಿಲ್ಲ ಅಂತ ಆವತ್ತು ನನಗೂ ಗಟ್ಟಿಯಾಗಿ ಗೊತ್ತಾಯಿತು.

ಇನ್ನೊಂದು ವಿಷಯ ಪುಸ್ತಿಕೆಯಲ್ಲಿ ಯಾರೂ ಬರೆಯುವುದಿಲ್ಲ. ಬೂದಿ ತುಂಬಿದ ತಗ್ಗು, ಮುಚ್ಚಿದ ಹೊಂಡ, ಇಂಥ ಕಡೆ ಕಟ್ಟಡ ಕಟ್ಟಿದರೆ ಪಾಯದ ಖರ್ಚು ಜಾಸ್ತಿ. ಗಟ್ಟಿ ಮುರುಮು, ಕಲ್ಲು ಸಿಗುವ ಕಡೆ ಕಡಿಮೆ. ಎಂಜಿನಿಯರ್ ಏನು ಮಾಡುತ್ತಾನೆ? ಕಟ್ಟಡವನ್ನು ಗಟ್ಟಿ ನೆಲಕ್ಕೆ ತಳ್ಳುತ್ತಾನೆ. ಉಳಿದ ತಗ್ಗನ್ನು ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ‘ಮಕ್ಕಳ ಉದ್ಯಾನ’ ಅಂತ ಬರೆಯುತ್ತಾನೆ. ಅವನದು ದುರುದ್ದೇಶ ಅಲ್ಲ, ಲೆಕ್ಕ. ಆದರೆ ಇಡೀ ಜಾಗದಲ್ಲಿ ಎಲ್ಲಕ್ಕಿಂತ ಕೊಳಕು ಮಣ್ಣಿನ ಮೇಲೆ ಮಕ್ಕಳು ಉರುಳಾಡುವ ಹಾಗೆ ಆಗುತ್ತದೆ. ನಾನು ನೋಡಿದ ನಕ್ಷೆಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಅದಕ್ಕೇ ತಲೆಬರಹದಲ್ಲಿ ಬಾಯ್ಲರ್ ಎಲ್ಲಿತ್ತು ಅಂತ ಕೇಳಿ ಎಂದದ್ದು.

ಹಾಗಾದರೆ ಅಂಥ ಜಾಗಕ್ಕೆ ಉದ್ಯಾನವೇ ಬೇಡವಾ? ಬೇಕು, ಖಂಡಿತ ಬೇಕು. ಜರ್ಮನಿಯ ಡ್ಯೂಸ್‌ಬರ್ಗ್ ಊರಿನಲ್ಲಿ ಒಂದು ಕಬ್ಬಿಣದ ಕಾರ್ಖಾನೆ 1985ರಲ್ಲಿ ಮುಚ್ಚಿತು. ಕೆಡವಲಿಲ್ಲ. ಪೀಟರ್ ಲಾಟ್ಸ್ ಅನ್ನುವ ವಿನ್ಯಾಸಕಾರ ಕುಲುಮೆ, ಕೊಳವೆ, ಗೋಡೆ ಎಲ್ಲ ಹಾಗೇ ಉಳಿಸಿ ಉದ್ಯಾನ ಮಾಡಿದರು. 1994ರಲ್ಲಿ ಜನಕ್ಕೆ ತೆರೆಯಿತು. ಅದಿರು ತುಂಬುತ್ತಿದ್ದ ಕಾಂಕ್ರೀಟ್ ಗೋಡೆಗಳನ್ನು ಈಗ ಹುಡುಗರು ಹಗ್ಗ ಹಿಡಿದು ಹತ್ತುತ್ತಾರೆ, ಗ್ಯಾಸಿನ ದೊಡ್ಡ ಡ್ರಮ್ಮಿಗೆ ನೀರು ತುಂಬಿ ಮುಳುಗು ಹಾಕುತ್ತಾರೆ. ತೀರಾ ಕೆಟ್ಟ ಮಣ್ಣನ್ನು ಅಲ್ಲಿಯ ಹಳೇ ಬಂಕರುಗಳಲ್ಲೇ ಹಾಕಿ ಮುಚ್ಚಿಬಿಟ್ಟರು. ಹೊರಗೆ ಸಾಗಿಸಲಿಲ್ಲ. ಆದರೆ ಅಮೆರಿಕದ ಸಿಯಾಟಲ್ ಊರಿನ ಗ್ಯಾಸ್ ವರ್ಕ್ಸ್ ಪಾರ್ಕಿನ ಕತೆಯೂ ಗೊತ್ತಿರಲಿ. ಕಲ್ಲಿದ್ದಲ ಗ್ಯಾಸಿನ ಕಾರ್ಖಾನೆಯ ಜಾಗ ಅದು. 1975ರಲ್ಲಿ ಉದ್ಯಾನವಾಗಿ ತೆರೆದರು, ಜಗತ್ತೆಲ್ಲ ಹೊಗಳಿತು. 1984ರಲ್ಲಿ ಮಣ್ಣಿನ ವಿಷದ ಪರೀಕ್ಷೆಗೆ ಅಂತ ಮುಚ್ಚಬೇಕಾಯಿತು. ಆಮೇಲೂ ಮಣ್ಣು ಹೊದಿಸುತ್ತ, ಅಳೆಯುತ್ತ ಕೂತಿದ್ದಾರೆ. ಅಂದರೆ ಇದು ರಿಬ್ಬನ್ ಕತ್ತರಿಸಿದ ದಿನಕ್ಕೆ ಮುಗಿಯುವ ಕೆಲಸ ಅಲ್ಲ. ಹತ್ತು, ಇಪ್ಪತ್ತು ವರ್ಷ ಅಳೆಯುವವರು ಯಾರು, ಅದರ ದುಡ್ಡು ಯಾರದು ಅಂತ ಮೊದಲೇ ಬರೆಸಿಕೊಳ್ಳಬೇಕು.

‘ಕೆಟ್ಟ ಮಣ್ಣನ್ನೆಲ್ಲ ಲಾರಿಯಲ್ಲಿ ತುಂಬಿ ತೆಗೆಸಿಬಿಡುತ್ತೇವೆ’ ಅಂತ ಯಾರಾದರೂ ಧೈರ್ಯವಾಗಿ ಹೇಳಿದರೆ, ಎಲ್ಲಿಗೆ ಅಂತ ಕೇಳಿ. ಭೋಪಾಲದ ಕಾರ್ಖಾನೆಯಲ್ಲಿ ಮೂಟೆಕಟ್ಟಿ ಇಟ್ಟಿದ್ದ 337 ಟನ್ ವಿಷದ ಕಸ ಜಾಗ ಬಿಟ್ಟು ಕದಲಲು 2025ರ ಜನವರಿ ಬರಬೇಕಾಯಿತು, ದುರಂತವಾಗಿ ನಲವತ್ತು ವರ್ಷ. ಅದನ್ನು ಸುಡಲು ಪೀಥಂಪುರಕ್ಕೆ ಒಯ್ದಾಗ ಅಲ್ಲಿಯ ಜನ ಬೀದಿಗೆ ಇಳಿದರು. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಹೆಚ್ಚಿನ ಕಡೆ ಜಾಣತನ ಅಂದರೆ ತೀರಾ ಕೆಟ್ಟದ್ದನ್ನು ಮಾತ್ರ ಅಧಿಕೃತ ವಿಲೇವಾರಿ ಘಟಕಕ್ಕೆ ಕಳಿಸುವುದು, ಉಳಿದದ್ದನ್ನು ಅಲ್ಲೇ ಹೊದಿಸುವುದು. ಹೊದಿಕೆಗೆ ನಮ್ಮ ಎರೆಮಣ್ಣು ಒಂದೇ ಸಾಲದು. ಮಳೆಗಾಲದಲ್ಲಿ ಉಬ್ಬಿ ನೀರು ತಡೆಯುತ್ತದೆ ನಿಜ, ಆದರೆ ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೊದಲ ಮಳೆ ಆ ಬಿರುಕಿನಿಂದಲೇ ಕೆಳಗೆ ಇಳಿಯುತ್ತದೆ. ಅದಕ್ಕೆ ನಡುವೆ ದಪ್ಪ ಪ್ಲಾಸ್ಟಿಕ್ ಪದರ, ಮೇಲೆ ಮುರುಮು, ಅದರ ಮೇಲೆ ಒಳ್ಳೆಯ ಮಣ್ಣು, ಹೀಗೆ ಬೇಕು. ಕೆಲವರು ಗಿಡ ನೆಟ್ಟರೆ ಬೇರು ವಿಷ ಹೀರಿಕೊಳ್ಳುತ್ತದೆ ಅನ್ನುತ್ತಾರೆ. ಸುಳ್ಳಲ್ಲ. ಲಾವಂಚ, ಸಾಸಿವೆ ಕೆಲವು ಲೋಹ ತಡೆಹಿಡಿಯುತ್ತವೆ ಅಥವಾ ಹೀರುತ್ತವೆ. ಆದರೆ ವರ್ಷಗಟ್ಟಲೆ ಹಿಡಿಯುತ್ತದೆ, ಕೊಯ್ದ ಗಿಡವನ್ನೂ ವಿಷದ ಕಸವೆಂದೇ ನೋಡಬೇಕು. ಆಡು ಬಿಟ್ಟು ಮೇಯಿಸುವ ಹಾಗಿಲ್ಲ.

ಕಾನೂನಿನ ಬಲ ಸ್ವಲ್ಪ ಈಚೆಗೆ ಬಂದಿದೆ. ಕಲುಷಿತ ಜಾಗಗಳಿಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿತು. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಆಡಳಿತ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು, ಮಂಡಳಿ ಮಾದರಿ ತೆಗೆದು ನೋಡಬೇಕು, ಕೆಡಿಸಿದವರಿಂದಲೇ ಖರ್ಚು ವಸೂಲಿ ಮಾಡಬೇಕು. ನಿಮ್ಮ ಗಿರಣಿ ಆ ಪಟ್ಟಿಯಲ್ಲಿದೆಯಾ ಅಂತ ಮಹಾನಗರಪಾಲಿಕೆಗೆ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಲ್ಲವಾದರೆ ಸೇರಿಸಿ ಅಂತ ಇನ್ನೊಂದು ಅರ್ಜಿ.

ಎರಡನೆಯದು ನೀರು. ಸೊಲ್ಲಾಪುರದವರಿಗೆ ನೀರಿನ ಪಾಠ ನಾನು ಹೇಳಬೇಕಿಲ್ಲ. ನೂರು ಕಿಲೋಮೀಟರಿಗಿಂತ ದೂರದ ಉಜನಿ ಅಣೆಕಟ್ಟಿನಿಂದ ಪೈಪಿನಲ್ಲಿ ಬರುವ ನೀರಿಗೆ ನಲ್ಲಿಯ ಮುಂದೆ ಕೊಡ ಇಟ್ಟು ದಿನ ಎಣಿಸುವ ಊರು. ಆ ಪುಸ್ತಿಕೆಯಲ್ಲಿ ಒಂದು ಎಕರೆ ಹುಲ್ಲುಹಾಸು ಇದೆ ಅಂದುಕೊಳ್ಳಿ. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ಒಂದು ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಆದರೂ ಬೇಕು. ಎಕರೆಗೆ ನಾಲ್ಕು ಸಾವಿರ ಚದರ ಮೀಟರ್ ಇಟ್ಟರೆ ದಿನಕ್ಕೆ ಇಪ್ಪತ್ತು ಸಾವಿರ ಲೀಟರ್. ಎರಡು ಟ್ಯಾಂಕರ್. ಸರ್ಕಾರದ ಲೆಕ್ಕದಲ್ಲಿ ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್. ಅಂದರೆ ಐದು ಜನರ ಮೂವತ್ತು ಮನೆಗಳ ನೀರನ್ನು ಹುಲ್ಲು ಕುಡಿಯುತ್ತದೆ. ನೆರಳೂ ಕೊಡುವುದಿಲ್ಲ. ಮಧ್ಯಾಹ್ನ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಹುಲ್ಲುಹಾಸಿನ ಮೇಲೆ ನಿಂತವರನ್ನು ನಾನಂತೂ ಕಂಡಿಲ್ಲ. ಎಲ್ಲರೂ ಬೇವಿನ ಮರದ ಕೆಳಗೆ ಇರುತ್ತಾರೆ. ಬೇವು, ಹೊಂಗೆ, ಆಲ, ಬಸರಿ ನೆಡಲಿ. ಮೂರು ವರ್ಷ ನೀರು ಹಾಕಿದರೆ ಆಮೇಲೆ ತಾವೇ ನೋಡಿಕೊಳ್ಳುತ್ತವೆ. ಈಗಾಗಲೇ ಕಾಂಪೌಂಡಿನಲ್ಲಿ ದೊಡ್ಡ ಮರಗಳಿದ್ದರೆ ಲೆಕ್ಕ ಬರೆದಿಟ್ಟುಕೊಂಡು ಫೋಟೋ ತೆಗೆಯಿರಿ. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರಿಂದಲೇ ಕಾಯ್ದೆ ಇದೆ, ಐವತ್ತು ವರ್ಷ ದಾಟಿದ ಮರಕ್ಕೆ 2021ರ ತಿದ್ದುಪಡಿಯಲ್ಲಿ ಪಾರಂಪರಿಕ ಮರದ ಸ್ಥಾನವೂ ಸಿಕ್ಕಿದೆ.

ಕಾರಂಜಿಯ ಬಗ್ಗೆ ಏನೂ ಹೇಳುವುದಿಲ್ಲ.

ಹಬೆ ಗಿರಣಿಗಳಿಗೆ ತಮ್ಮದೇ ನೀರಿನ ಹೌದ ಅಥವಾ ಹೊಂಡ ಇರುತ್ತಿತ್ತು. ಹಬೆಯನ್ನು ತಣಿಸಿ ಮತ್ತೆ ನೀರು ಮಾಡಲು ಅದು ಬೇಕೇ ಬೇಕು. ನಿಮ್ಮ ಗಿರಣಿಯಲ್ಲಿ ಅದು ಮುಚ್ಚಿಹೋಗಿದ್ದರೂ ಜಾಗ ಇದ್ದೇ ಇರುತ್ತದೆ. ಉದ್ಯಾನದ ನಡುಮಧ್ಯೆ ಬರಬೇಕಾದದ್ದು ಅದು. ಒಂದು ಎಕರೆ ಚಾವಣಿಯ ಮೇಲೆ ನಮ್ಮಲ್ಲಿ ಬೀಳುವ 550 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಹತ್ತಕ್ಕೆ ಎಂಟು ಪಾಲು ಹಿಡಿದರೂ ವರ್ಷಕ್ಕೆ ಹದಿನೇಳು ಹದಿನೆಂಟು ಲಕ್ಷ ಲೀಟರ್. ಗಿಡಕ್ಕೆ, ಶೌಚಾಲಯಕ್ಕೆ ಧಾರಾಳ. ಸಿದ್ಧರಾಮರು ಸೊನ್ನಲಿಗೆಯಲ್ಲಿ, ಅಂದರೆ ಇದೇ ಸೊಲ್ಲಾಪುರದಲ್ಲಿ, ಕೆರೆ ತೋಡಿಸಿದ್ದು ಹನ್ನೆರಡನೇ ಶತಮಾನದಲ್ಲಿ, ಆ ಕೆರೆಯ ದಂಡೆಯಲ್ಲೇ ನಾವು ಪ್ರತಿ ಸಂಕ್ರಾಂತಿಗೆ ಗಡ್ಡಾ ಜಾತ್ರೆ ಮಾಡುತ್ತೇವೆ. 1871ರಲ್ಲಿ ಮುಗಿದ ಹಿಪ್ಪರಗಾದ ಕೆರೆ ಇದೆ. ಕೆರೆಯ ಊರಿಗೆ ಬಂದು ಕಾರಂಜಿ ತೋರಿಸುವುದೆಂದರೆ... ಹೇಳುವುದಿಲ್ಲ ಅಂದೆ, ಹೇಳಿಬಿಟ್ಟೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ‘ಹಸಿರು ಕಟ್ಟಡ’ ಅಂದರೆ ಇಂಗುಗುಂಡಿ ಇರಲೇಬೇಕು ಅಂತ ಎಲ್ಲರೂ ಕಲಿತುಬಿಟ್ಟಿದ್ದಾರೆ. ಬೇರೆ ಕಡೆ ಒಳ್ಳೆಯದೇ. ಆದರೆ ವಿಷ ಕೂತ ಮಣ್ಣಿನ ಮೇಲೆ ಇಂಗುಗುಂಡಿ ತೋಡಿದರೆ, ಇಷ್ಟು ವರ್ಷ ಒಂದೇ ಕಡೆ ಸುಮ್ಮನೆ ಕೂತದ್ದನ್ನು ನಾವೇ ತೊಳೆದು ಬೋರ್‌ವೆಲ್ಲಿಗೆ ಇಳಿಸಿದ ಹಾಗಾಗುತ್ತದೆ. ನಮ್ಮದು ಕಪ್ಪು ಬಂಡೆಯ ನೆಲ. ಬಂಡೆಯ ಸೀಳಿನಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹೇಳುವುದು ಕಷ್ಟ. ಪಕ್ಕದ ಓಣಿಯ ಬೋರ್ ಕೆಡಬಹುದು. ಮಣ್ಣಿನ ವರದಿ ಬರುವವರೆಗೆ ಇಂಗಿಸುವುದು ಬೇಡ, ತಳಕ್ಕೆ ಕಾಂಕ್ರೀಟ್ ಹಾಕಿದ ತೊಟ್ಟಿಯಲ್ಲಿ ಹಿಡಿದಿಡಿ ಅಂತ ಹೇಳಿ.

ಕಟ್ಟಡದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗರಗಸದ ಹಲ್ಲಿನಂಥ ಚಾವಣಿಯ ನೇಯ್ಗೆ ಶೆಡ್ಡುಗಳನ್ನು ನೋಡಿದ್ದೀರಲ್ಲ. ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ, ಬೆಳಕು ಬರುತ್ತದೆ, ನೇರ ಬಿಸಿಲು ಬರುವುದಿಲ್ಲ. ನೂಲಿನ ಎಳೆ ಕಾಣಬೇಕಿತ್ತಲ್ಲ, ಅದಕ್ಕೆ ಮಾಡಿದ್ದು. ಕರೆಂಟಿಲ್ಲದೆ ಹಗಲಿಡೀ ಓದಬಹುದಾದ ಗ್ರಂಥಾಲಯಕ್ಕೆ, ಟವೆಲ್ ಚಾದರ ಮಾರುವ ಸಂತೆಗೆ ಇದಕ್ಕಿಂತ ಒಳ್ಳೆಯ ಚಾವಣಿ ಹೊಸದಾಗಿ ಕಟ್ಟಿಸಿದರೂ ಬರುವುದಿಲ್ಲ. ಕಲ್ನಾರು ಶೀಟಿದ್ದರೆ ಒದ್ದೆ ಮಾಡಿ, ಒಡೆಯದೆ ಇಳಿಸಿ ಬೇರೆ ಶೀಟು ಹಾಕಬೇಕು. ಒಂದು ಶೆಡ್ಡಾದರೂ ಉಳಿಸಿ ಅಂತ ಕೇಳಿ. ಚಿಮಣಿಯನ್ನೂ ಉಳಿಸಿ ಅಂತ ಕೇಳಬಹುದು. ಚಿಮಣಿಯ ಸುತ್ತ ಎಷ್ಟು ರಾಜಕೀಯ ನಡೆಯುತ್ತದೆ ಅಂತ 2023ರಲ್ಲಿ ನಿಮ್ಮ ಊರಿನವರೇ ನೋಡಿದ್ದಾರೆ, ವಿಮಾನಕ್ಕೆ ಅಡ್ಡ ಅಂತ ಸಕ್ಕರೆ ಕಾರ್ಖಾನೆಯದನ್ನು ಉರುಳಿಸಿದಾಗ.

ಈಗ ಜನ. ನಿಮ್ಮ ಓಣಿಯ ಅರ್ಧ ಜನಕ್ಕೆ ಇರುವ ಭಯ ಸುಮ್ಮನೆ ಅಲ್ಲ.

ಮುಂಬೈಯ ಗಿರಣಗಾವ್, ಅಂದರೆ ಬಟ್ಟೆ ಗಿರಣಿಗಳ ಪ್ರದೇಶ, ಏನಾಯಿತು ನೋಡಿ. 1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಗಿರಣಿಗಳು ಮತ್ತೆ ಮೊದಲಿನ ಹಾಗೆ ತಿರುಗಲೇ ಇಲ್ಲ. 1991ರಲ್ಲಿ ಒಂದು ಒಳ್ಳೆಯ ನಿಯಮ ಬಂತು: ಗಿರಣಿ ಜಾಗದಲ್ಲಿ ಹೆಚ್ಚುಕಡಿಮೆ ಒಂದು ಪಾಲು ಪಾಲಿಕೆಯ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಮಾಲೀಕನಿಗೆ. 2001ರಲ್ಲಿ ಅದಕ್ಕೆ ಒಂದು ತಿದ್ದುಪಡಿ. ಪಾಲು ಮಾಡಬೇಕಾದದ್ದು ಮೊದಲಿನಿಂದ ಖಾಲಿ ಇದ್ದ ಜಾಗವನ್ನು ಮಾತ್ರ, ಕಟ್ಟಡ ಕೆಡವಿದ ಮೇಲೆ ಖಾಲಿಯಾದದ್ದನ್ನಲ್ಲ. ಗಿರಣಿ ಅಂದರೆ ಮುಕ್ಕಾಲು ಭಾಗ ಶೆಡ್ಡೇ ತಾನೆ! ಊರಿನ ಪಾಲು ಕರಗಿಹೋಯಿತು. ಸುಪ್ರೀಂ ಕೋರ್ಟಿನ ತನಕ ಹೋದರು, 2006ರಲ್ಲಿ ತಿದ್ದುಪಡಿಯೇ ಗೆದ್ದಿತು. ಭೋಂಗಾ ಕೂಗುತ್ತಿದ್ದ ಕಡೆ ಈಗ ಮಾಲ್‌ಗಳು. ಬೆಂಗಳೂರಿನಲ್ಲೂ ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗ ಮಾಲ್ ಆಯಿತು.

ಹಾಗಾಗಿ ನಿಮ್ಮ ಪುಸ್ತಿಕೆಯಲ್ಲಿ ‘ಇಷ್ಟು ಶೇಕಡಾ ಹಸಿರು’ ಅಂತ ಇದ್ದರೆ ಯಾವುದರಲ್ಲಿ ಶೇಕಡಾ ಅಂತ ಕೇಳಿ. ಇಡೀ ಕಾಂಪೌಂಡಿನಲ್ಲಾ, ಉಳಿದ ತುಂಡಿನಲ್ಲಾ? ನೆಲದ ಮೇಲಾ, ಪಾರ್ಕಿಂಗಿನ ಸ್ಲ್ಯಾಬಿನ ಮೇಲೆ ಎರಡಡಿ ಮಣ್ಣು ಹಾಕಿದ ಗಾರ್ಡನ್ನಾ? ಸ್ಲ್ಯಾಬಿನ ಮೇಲೆ ಆಲದ ಮರ ಬೆಳೆಯುವುದಿಲ್ಲ. ಎಲ್ಲಕ್ಕಿಂತ ಮೊದಲು, ಗೇಟು ಯಾರಿಗೆ ತೆರೆದಿರುತ್ತದೆ? ಉದ್ಯಾನ ಪಾಲಿಕೆಗೆ ಬರೆದುಕೊಟ್ಟದ್ದಾದರೆ ನಿಮ್ಮ ಓಣಿಯ ಹುಡುಗರು ಆಡಬಹುದು. ಬಡಾವಣೆಯವರ ಸ್ವಂತದ್ದಾದರೆ ವಾಚ್‌ಮನ್ ಓಡಿಸುತ್ತಾನೆ.

ಉದ್ಯಾನ ನಿಜವಾಗಿಯೂ ಚೆನ್ನಾಗಿ ಆದರೆ ಬರುವ ಕಷ್ಟ ಬೇರೆ. ನ್ಯೂಯಾರ್ಕಿನಲ್ಲಿ ಪಾಳುಬಿದ್ದ ಗೂಡ್ಸ್ ರೈಲಿನ ಮೇಲ್ಸೇತುವೆಯನ್ನು 2009ರಿಂದ ಹಂತಹಂತವಾಗಿ ತೋಟ ಮಾಡಿದರು. ಹೈ ಲೈನ್ ಅಂತ ಹೆಸರು. ಅಷ್ಟು ಚೆಂದ ಆಯಿತು ಅಂದರೆ ಸುತ್ತಲಿನ ಮನೆ ಬೆಲೆ, ಬಾಡಿಗೆ ಏರಿ ಅಲ್ಲಿಯ ಸಣ್ಣವರಿಗೆ ಅಲ್ಲಿ ಇರುವುದೇ ಕಷ್ಟವಾಯಿತು. ನಿಮ್ಮ ಓಣಿಯಲ್ಲಿ ಸ್ವಂತ ಮನೆ ಇರುವವರಿಗೆ ಖುಷಿ, ಬಾಡಿಗೆಯವರಿಗೆ ಭಯ ಇರುವುದು ಇದಕ್ಕೇ. ಇಬ್ಬರೂ ಸರಿ.

‘ಅವರಿಗೆ ಊರಾಚೆ ಮನೆ ಕೊಡುತ್ತೇವೆ’ ಅನ್ನುವ ಮಾತು ಬರಬಹುದು. ಸೊಲ್ಲಾಪುರದ ಹತ್ತಿರದ ಕುಂಭಾರಿಯ ರೇ ನಗರ ನಿಮಗೆ ಗೊತ್ತೇ ಇದೆ. 2024ರ ಜನವರಿ 19ರಂದು ಪ್ರಧಾನಿ ಬಂದು ಹದಿನೈದು ಸಾವಿರ ಮನೆ ಹಸ್ತಾಂತರಿಸಿದರು. ಬೀಡಿ, ಮಗ್ಗ, ಚಿಂದಿ ಆಯುವ ಕೆಲಸದವರು ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಸ್ವಂತ ಮನೆ ಅಂದರೆ ಸಣ್ಣ ಮಾತಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೇಳಿ ಗೆದ್ದು ಹೋಗುವುದು ಬೇರೆ, ಓಣಿ ಬಿಡಿಸಿ ಕಳಿಸುವುದು ಬೇರೆ. ಬೀಡಿ ಕಟ್ಟುವ ಹೆಂಗಸಿನ ದಿನ ನೋಡಿ. ಕಾರ್ಖಾನೆಗೆ ಹೋಗಿ ಕಟ್ಟಿದ ಬೀಡಿ ಕೊಡಬೇಕು, ಎಣಿಸುವವನು ಹಾಳು ಅಂತ ತೆಗೆದು ಹಾಕಿದ್ದಕ್ಕೆ ಜಗಳಾಡಬೇಕು, ಎಲೆ ತಂಬಾಕು ತರಬೇಕು, ಬಂದು ಎಲೆ ನೆನೆಸಿ ಕತ್ತರಿಸಬೇಕು. ಈಗ ನಡೆದು ಹೋಗುತ್ತಾಳೆ. ದೂರವಾದರೆ ಹೋಗಿ ಬರುವ ರಿಕ್ಷಾ ಷೇರಿಂಗಿಗೇ ಎಷ್ಟು ಬೀಡಿಯ ಕೂಲಿ ಹೋಯಿತು ಅಂತ ಅವಳನ್ನೇ ಕೇಳಿ, ನನಗಿಂತ ಚೆನ್ನಾಗಿ ಲೆಕ್ಕ ಹೇಳುತ್ತಾಳೆ. ಪವರ್‌ಲೂಮಿನವರದು ಇನ್ನೊಂದು ತಾಪತ್ರಯ. ಫ್ಲ್ಯಾಟಿನವರು ಬಂದ ಆರು ತಿಂಗಳಿಗೆ ಖಟಖಟ ಸದ್ದಿನ ಮೇಲೆ ದೂರು ಕೊಡುತ್ತಾರೆ. ಮಗ್ಗ ಮೊದಲಿತ್ತು, ಫ್ಲ್ಯಾಟ್ ಆಮೇಲೆ ಬಂತು ಅನ್ನುವುದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಉಳಿಸಿಕೊಂಡ ಹಳೇ ಶೆಡ್ಡಿನಲ್ಲಿ ಮಗ್ಗಗಳಿಗೆ ಕಡಿಮೆ ಬಾಡಿಗೆಗೆ ಜಾಗ ಕೊಡಿ ಅಂತ ಈಗಲೇ ಕೇಳಿ. ದಪ್ಪ ಗೋಡೆ, ಒಳ್ಳೆಯ ಬೆಳಕು, ಸದ್ದು ಒಳಗೇ ಇರುತ್ತದೆ. ಕೊಡುತ್ತಾರಾ ಅಂತ ಕೇಳಿದರೆ, ಕೇಳದಿದ್ದರಂತೂ ಕೊಡುವುದಿಲ್ಲ.

ಕಾಗದಪತ್ರದ ವಿಷಯ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ಇಲ್ಲ, ನಿಮ್ಮನ್ನು ಯಾರೂ ಕರೆಯುವುದಿಲ್ಲ. ಅರ್ಜಿಯ ಕಾಗದಗಳು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ವೆಬ್‌ಸೈಟಿನಲ್ಲಿ ಸಿಗುತ್ತವೆ, ನೀವೇ ಓದಿ ನೀವೇ ಬರೆಯಬೇಕು. ಅದರಲ್ಲಿ ಮಣ್ಣಿನ ಮಾದರಿ ಎಲ್ಲಿಂದ ತೆಗೆದರು ಅಂತ ನೋಡಿ. ಮುಂದಿನ ಗೇಟಿನ ಹತ್ತಿರದ ಒಂದೇ ಮಾದರಿ ಇದ್ದರೆ ಆ ವರದಿಗೆ ಅರ್ಥವಿಲ್ಲ. ಬಾಯ್ಲರ್, ಬಣ್ಣದ ಖಾತೆ, ಟ್ರಾನ್ಸ್‌ಫಾರ್ಮರ್, ಎಣ್ಣೆ ಟಾಕಿ, ಬೂದಿ ತಗ್ಗು, ಎಲ್ಲ ಕಡೆಯಿಂದ, ಬೇರೆ ಬೇರೆ ಆಳದಿಂದ ತೆಗೆದಿರಬೇಕು. ಮಂಜೂರಾದ ನಕ್ಷೆ ಮಹಾರೇರಾದಲ್ಲಿ (ಬಿಲ್ಡರುಗಳ ಯೋಜನೆ ನೋಂದಾಯಿಸುವ ರಾಜ್ಯದ ಪ್ರಾಧಿಕಾರ) ಸಿಗುತ್ತದೆ. ಅದನ್ನೂ ಪುಸ್ತಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೆಲಬಳಕೆ ಬದಲಿಸಲು 1966ರ ನಗರ ಯೋಜನಾ ಕಾಯ್ದೆಯ 37ನೇ ಕಲಂ ಹಿಡಿದರೆ ಆಕ್ಷೇಪಣೆಗೆ ಒಂದು ತಿಂಗಳು ಸಮಯ ಇರುತ್ತದೆ. ನೋಟಿಸ್ ಮರಾಠಿ ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ, ಯಾರಾದರೂ ಒಬ್ಬರು ದಿನಾ ನೋಡುವ ಹಾಗೆ ಗೊತ್ತು ಮಾಡಿಕೊಳ್ಳಿ. ಗಿರಣಿ ಕಾರ್ಮಿಕರ ಹಳೇ ಬಾಕಿ ಪೂರ್ತಿ ತೀರಿದೆಯಾ, ಕಾರ್ಮಿಕ ಇಲಾಖೆಯ ಪತ್ರ ಎಲ್ಲಿ ಅಂತಲೂ ಕೇಳಿ. ನಿಮ್ಮ ಮನೆಯಲ್ಲೇ ಒಬ್ಬರು ಹಕ್ಕುದಾರರಿದ್ದಾರೆ.

ಅವರಿಂದಲೇ ಇನ್ನೊಂದು ಕೆಲಸ ಆಗಬೇಕು. ಗಿರಣಿಯ ಹಳೇ ನಕ್ಷೆ ಯಾವ ಕಚೇರಿಯಲ್ಲಿ ಹುಡುಕಿದರೂ ಸಿಗದೆ ಹೋಗಬಹುದು, ಆದರೆ ಅಲ್ಲಿ ದುಡಿದವರ ಕಾಲಿಗೆ ಆ ನೆಲ ನೆನಪಿರುತ್ತದೆ. ಮಾವನವರನ್ನು ಒಂದು ದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಬಿದ್ದ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ. ಕೂರಲು ಒಂದು ಕುರ್ಚಿ ಒಯ್ಯಿರಿ. ಒಳಗೆ ಹೋಗುವುದು ಬೇಡ, ಹಾವು ಇರುತ್ತವೆ. ಒಂದು ದೊಡ್ಡ ಹಾಳೆಯಲ್ಲಿ ಕಾಂಪೌಂಡಿನ ಚೌಕ ಬರೆದು, ಚಿಮಣಿಯನ್ನು ಮೊದಲು ಗುರುತು ಮಾಡಿ. ಅಲ್ಲಿಂದ ಅವರು ಕೈ ಮಾಡಿ ತೋರಿಸಿದ ಹಾಗೆ ಬರೆಯುತ್ತ ಹೋಗಿ: ಬೂದಿ ಯಾವ ಕಡೆ ಒಯ್ಯುತ್ತಿದ್ದರು, ಬಣ್ಣದ ನೀರು ಯಾವ ಮೋರಿಗೆ ಹೋಗುತ್ತಿತ್ತು, ಹೌದ ಎಲ್ಲಿತ್ತು, ಯಾವ ಜಾಗದಲ್ಲಿ ಚಪ್ಪಲಿಗೆ ಎಣ್ಣೆ ಮೆತ್ತುತ್ತಿತ್ತು. ಅವರ ಓರಗೆಯ ಇನ್ನಿಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು, ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಾಗುತ್ತದೆ. ಕೆಳಗೆ ಮೂವರದೂ ಸಹಿ, ತಾರೀಖು ಹಾಕಿಸಿ ಜೆರಾಕ್ಸ್ ಮಾಡಿಸಿ. ನಿಮ್ಮ ಅರ್ಜಿಗೆ ಲಗತ್ತಿಸಬೇಕಾದ ಮೊದಲ ಕಾಗದ ಅದು. ಒಂದು ಪ್ರತಿ ನನಗೂ ಕಳಿಸಿ, ಮಾದರಿ ಎಲ್ಲೆಲ್ಲಿ ತೆಗೆಯಬೇಕು ಅಂತ ಅದರ ಮೇಲೇ ಕೆಂಪು ಪೆನ್ನಿನಲ್ಲಿ ಚುಕ್ಕೆ ಇಟ್ಟು ವಾಪಸ್ ಕಳಿಸುತ್ತೇನೆ.